ರೋಗ ಜಾತಿ ಕೇಳಲಿಲ್ಲ, ಸಾವು ಕೇಳಿತು
(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)

ಸಾಂಕ್ರಾಮಿಕ ರೋಗಕ್ಕೆ ಬಡವ ಬಲ್ಲಿದ ಅನ್ನೋ ಭೇದವಿಲ್ಲ, ಜಾತಿಯಿಲ್ಲ ಅಂತ ದೊಡ್ಡವರು ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಸತ್ತವರ ಲೆಕ್ಕ ಬೇರೆ ಮಾತು ಹೇಳುತ್ತದೆ.

1918ರ ಇನ್‌ಫ್ಲುಯೆಂಜಾ ತಗೊಳ್ಳಿ. ಜೂನ್‌ನಲ್ಲಿ ಮುಂಬಯಿ ಬಂದರಿಗೆ ಇಳಿದ ಆ ಜ್ವರ ರೈಲು ಹತ್ತಿ ದೇಶವೆಲ್ಲ ಸುತ್ತಿತು. ಸೆಪ್ಟೆಂಬರ್ ಹೊತ್ತಿಗೆ ಇನ್ನೂ ಭೀಕರವಾಗಿ ತಿರುಗಿ ಬಂತು. ಇಂಡಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಮುಂಬಯಿ ನಗರದ ಲೆಕ್ಕ ನೋಡಿ. ಸಾವಿರ ಜನಕ್ಕೆ ಸತ್ತ ಯುರೋಪಿಯನ್ನರು ಸುಮಾರು 8. ಪಾರ್ಸಿಗಳು 9. ಸವರ್ಣ ಹಿಂದೂಗಳು 19. ‘ಕೀಳು ಜಾತಿ’ ಅಂತ ಸರ್ಕಾರ ಬರೆದುಕೊಂಡ ಜನ? 62!

ಒಂದೇ ಊರು, ಒಂದೇ ಗಾಳಿ, ಒಂದೇ ಜ್ವರ. ಈ ಏಳು ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು? ನಮ್ಮ ರಕ್ತದಲ್ಲಿ ದೋಷವಿತ್ತಾ? ಚಾಳಿನ ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಿದ್ದರು ಅಂತ ಕೇಳಿ. ಆ ವರ್ಷ ಮಳೆ ಕೈಕೊಟ್ಟಿತ್ತು, ಕಾಳಿನ ಬೆಲೆ ಏರಿತ್ತು. ಆ ಜ್ವರಕ್ಕೆ ಆಗ ಮದ್ದೇ ಇರಲಿಲ್ಲ. ಮಲಗಲು ಜಾಗ, ಕುಡಿಯಲು ಗಂಜಿ, ಪಕ್ಕದಲ್ಲಿ ಕೂತು ನೋಡಿಕೊಳ್ಳೋರು ಒಬ್ಬರು ಇದ್ದರೆ ಉಳಿಯುವ ಆಸೆ ಹೆಚ್ಚು. ಕೂಲಿ ಬಿಟ್ಟರೆ ಉಪವಾಸ ಅನ್ನುವವನು ಎಲ್ಲಿ ಮಲಗಿಯಾನು?

ಚರಿತ್ರೆಯನ್ನೂ ಸಮಾಜಶಾಸ್ತ್ರವನ್ನೂ ಒಟ್ಟಿಗಿಟ್ಟು ಓದೋದು ಅಂದರೆ ಇದೇ. ರೋಗಾಣು ಬಂದ ದಿನವನ್ನು ಬರೆದುಕೊಂಡರೆ ಸಾಲದು. ಅದು ಬರುವ ಮೊದಲೇ ಯಾರು ಎಲ್ಲಿ ಬದುಕಿದ್ದರು, ನೀರು ಯಾರ ಕೈಯಲ್ಲಿತ್ತು, ಯಾರ ಹೊಲಸನ್ನು ಯಾರು ಎತ್ತುತ್ತಿದ್ದರು ಅಂತ ಕೇಳಬೇಕು.

ಈ ಪ್ರಶ್ನೆಗೆ ಬದುಕಿನಿಂದಲೇ ಉತ್ತರ ಕೊಟ್ಟವರೂ ಇದ್ದಾರೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು. ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆ ಅದೇ ರೋಗ ತಗುಲಿ ತೀರಿಕೊಂಡರು. ಮುಟ್ಟಬಾರದು ಅಂದ ರೋಗವನ್ನೂ ಮುಟ್ಟಬಾರದು ಅಂದ ಜನರನ್ನೂ ಮುಟ್ಟಿದ ಕೈ ಆ ತಾಯಿಯದು.

2020ರಲ್ಲಿ ಕೊರೋನಾ ಬಂದಾಗ ಟಿವಿ, ಫೋನು ಎಲ್ಲವೂ ‘ಸಾಮಾಜಿಕ ಅಂತರ ಕಾಪಾಡಿ’ ಅಂದವು. ನಮ್ಮ ಕೇರಿಯ ಅಜ್ಜಿಯರಿಗೆ ಅದು ಹೊಸ ಮಾತಾ? ಮನೆಯಲ್ಲೇ ಇರಿ ಅಂದರು. ಪೌರಕಾರ್ಮಿಕರು ಬೀದಿಯಲ್ಲೇ ಇದ್ದರು.

ಗೆಳೆಯರೇ, ನೀವು ಅಕ್ಷರ ಕಲಿತವರು. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಕೇರಿಯಲ್ಲಿ ಕೂತ್ಕೊಳ್ಳಿ. 2020, 2021ರಲ್ಲಿ ಯಾರು ಸತ್ತರು, ಯಾರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ, ಯಾರ ಕೂಲಿ ಹೋಯಿತು, ಯಾವ ಮಗು ಶಾಲೆ ಬಿಟ್ಟಿತು, ಬರೆದಿಡಿ. 1918ರಲ್ಲಿ ನಮ್ಮವರ ಸಾವಿನ ಲೆಕ್ಕ ಬರೆದದ್ದು ಬಿಳಿಯರ ಸರ್ಕಾರ. ಈ ಸಲದ ಲೆಕ್ಕ ನಾವೇ ಬರೆಯೋಣ.