ಅಕ್ಷರ ಬಲ್ಲ ಕೈಗೊಂದು ಕಸುಬು
(ಭಾಷಣದ ಬರಹರೂಪ)



ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಯ ಬಳಿ ಅಹಮದ್ ಖಾನನ ಮಸೀದಿ ಇದೆ. ಎರಡನೆಯ ದೇವರಾಯನ ಅಧಿಕಾರಿಯಾಗಿದ್ದ ಅಹಮದ್ ಖಾನ್ 1439ರಲ್ಲಿ ಅದನ್ನು ಕಟ್ಟಿಸಿದ. ಅಲ್ಲಿನ ಶಾಸನ ಕನ್ನಡದಲ್ಲಿದೆ. ಕಟ್ಟಡವನ್ನು ಅದು 'ಧರ್ಮಸಾಲೆ' ಎಂದು ಕರೆಯುತ್ತದೆ. ಅರಸನ ಪುಣ್ಯಕ್ಕಾಗಿ ಕಟ್ಟಿಸಿದ್ದೆಂದು ಹೇಳುತ್ತದೆ. ಸುಮಾರು ಆರು ನೂರು ವರ್ಷಗಳ ಹಿಂದಿನ ಈ ಸಂಗತಿ ಇಂದು ನಮಗೆ ತಿಳಿದಿರುವುದು, ಯಾರೋ ಒಬ್ಬರು ಅಕ್ಷರವನ್ನು ತಪ್ಪಿಲ್ಲದೆ ಕಲ್ಲಿಗೆ ಇಳಿಸಿದ್ದರಿಂದ.

ಇಂದು ನಾನು ಮಾತನಾಡಲಿರುವುದು ಕಲ್ಲಿನ ಅಕ್ಷರದ ಬಗ್ಗೆ ಅಲ್ಲ, ಮನೆಯ ಬಾಗಿಲು, ಗಾಜು, ಟೈಲ್ಸ್ ಮೇಲೆ ಅಂಟಿಸುವ ವಿನೈಲ್ ಅಕ್ಷರದ ಬಗ್ಗೆ. ನಮ್ಮ ಹೊಸಪೇಟೆ ಕಡೆ ಇದನ್ನು ಸ್ಟಿಕರ್ ಎನ್ನುತ್ತೇವೆ, ಹೊಳೆಯುವುದನ್ನು ರೇಡಿಯಂ ಎನ್ನುತ್ತೇವೆ. ಅದರಲ್ಲಿ ರೇಡಿಯಂ ಎಂಬ ಧಾತು ಇಲ್ಲ, ಹೆಸರು ಮಾತ್ರ ಉಳಿದಿದೆ.

ಈ ಕಸುಬನ್ನು ನಿಮ್ಮ ಮುಂದಿಡಲು ಕಾರಣವಿದೆ. ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿದ್ದ ಅಂಗಡಿಗಳನ್ನೂ ಮನೆಗಳನ್ನೂ 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಸ್ಮಾರಕದ ರಕ್ಷಣೆಯೂ ಬೇಕು, ಬದುಕೂ ಬೇಕು; ಆ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ಜಾಗವನ್ನೇ ನಂಬಿದ ವ್ಯಾಪಾರ ಜಾಗ ಹೋದಾಗ ನಿಂತುಹೋಗುತ್ತದೆ. ಕೈಯಲ್ಲಿರುವ ಕಸುಬು ಕೈಯ ಜೊತೆಗೇ ಬರುತ್ತದೆ. ಈ ಕೆಲಸಕ್ಕೆ ಬೇಕಾದುದು ಒಂದು ಮೇಜು, ಒಳ್ಳೆಯ ಬೆಳಕು. ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿರುವ ನಮ್ಮ ಹೆಣ್ಣುಮಕ್ಕಳು ಮನೆಯಲ್ಲೇ ಇದನ್ನು ಆರಂಭಿಸಬಹುದು.

ಸಾಮಾನು ಹೆಚ್ಚಿಲ್ಲ. ವಿನೈಲ್ ಹಾಳೆ, ಚೂಪಾದ ಬ್ಲೇಡಿನ ಕಟರ್, ಸ್ಟೀಲ್ ಸ್ಕೇಲ್, ಪೆನ್ಸಿಲ್, ಅಗಲವಾದ ಮಾಸ್ಕಿಂಗ್ ಟೇಪ್, ಉಜ್ಜಲು ಒಂದು ಹಳೆಯ ಎಟಿಎಂ ಕಾರ್ಡ್. ಮೊದಲು ಬಿಳಿ ಕಾಗದದ ಮೇಲೆ ಹೆಸರು ಬರೆದುಕೊಳ್ಳಿ. ಅದನ್ನು ವಿನೈಲ್ ಮೇಲಿಟ್ಟು ಅಂಚುಗಳಿಗೆ ಟೇಪ್ ಹಚ್ಚಿ, ಗೆರೆಯ ಮೇಲೆ ಕತ್ತರಿಸಿ. ಬ್ಲೇಡು ವಿನೈಲನ್ನು ಸೀಳಬೇಕು, ಅಡಿಯ ಕಾಗದವನ್ನು ಸೀಳಬಾರದು. ಎಷ್ಟು ಒತ್ತಬೇಕೆಂಬುದನ್ನು ಚೂರು ಹಾಳೆಯ ಮೇಲೆ ಅಭ್ಯಾಸ ಮಾಡಿ ಕಲಿಯಿರಿ. ಮೊದಲು ಅಕ್ಷರದ ಒಳಭಾಗ, ಆಮೇಲೆ ಹೊರಗೆರೆ. ಬೇಡದ ಭಾಗವನ್ನು ಬಿಡಿಸಿ ತೆಗೆದ ಮೇಲೆ, ಉಳಿದ ಅಕ್ಷರಗಳ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ ಉಜ್ಜಿದರೆ ಇಡೀ ಸಾಲು ಒಟ್ಟಿಗೆ ಎದ್ದು ಬರುತ್ತದೆ.

ಕನ್ನಡದ ಅಕ್ಷರ ಹೆಚ್ಚಿನ ಎಚ್ಚರ ಬೇಡುತ್ತದೆ. 'ಹೊಸಪೇಟೆ' ಎಂದು ಬರೆಯಲು ಸಾಲಿನ ಕೆಳಗೆ ಜಾಗ ಬೇಡ. 'ಕಂಪ್ಲಿ' ಎಂದು ಬರೆಯಲು ಒತ್ತಕ್ಷರಕ್ಕೆ ಜಾಗ ಬೇಕು. 'ದ' ಮತ್ತು 'ಧ' ನಡುವೆ ಇರುವುದು ಒಂದು ಸಣ್ಣ ಸೀಳು. 'ಠ' ಅಕ್ಷರದ ಹೊಟ್ಟೆಯಲ್ಲಿರುವ ಚುಕ್ಕೆ, ಬೇಡದ ಭಾಗ ತೆಗೆಯುವಾಗ ಅದರ ಜೊತೆಗೇ ಎದ್ದು ಹೋಗಬಹುದು. ಉರ್ದುವಿನಲ್ಲಿಯೂ ಹೀಗೆಯೇ. ಬೇ, ಪೇ, ತೇ ಮೂರರ ಆಕಾರ ಒಂದೇ, ಚುಕ್ಕೆಗಳಷ್ಟೇ ಬೇರೆ. ಚುಕ್ಕೆ ಕಳೆದರೆ ಹೆಸರೇ ಕೆಡುತ್ತದೆ. ಆದ್ದರಿಂದ ಓದು ಬಾರದ ಕೈ ಈ ಕೆಲಸ ಮಾಡಲಾರದು. ಶಾಲೆಯಲ್ಲಿ ಕಲಿತ ಅಕ್ಷರವೇ ಇಲ್ಲಿ ನಿಮ್ಮ ಬಂಡವಾಳ.

ಗಿರಾಕಿಯ ಹೆಸರನ್ನು ಊಹಿಸಬೇಡಿ. ಮಹಮ್ಮದ್, ಮೊಹಮ್ಮದ್, ಮುಹಮ್ಮದ್ ಎಂದು ಒಂದೊಂದು ಮನೆಯವರು ಒಂದೊಂದು ರೀತಿ ಬರೆಯುತ್ತಾರೆ. ಅವರಿಂದಲೇ ಕಾಗದದ ಮೇಲೆ ಬರೆಸಿಕೊಂಡು, ನಿಮ್ಮ ನಕ್ಷೆಯನ್ನು ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಬ್ಲೇಡು ಹಿಡಿಯಿರಿ.

ಅಂಟಿಸುವಾಗ ಜಾಗ ನೋಡಿ. ಗಾಜು, ಟೈಲ್ಸ್, ಸನ್‌ಮೈಕಾ, ಸ್ಟೀಲ್ ಬೀರು, ಆಯಿಲ್ ಪೇಂಟ್ ಬಳಿದ ಬಾಗಿಲು ಇವು ಒಳ್ಳೆಯವು. ಸುಣ್ಣ ಬಳಿದ ಗೋಡೆಯಲ್ಲಿ ಅಕ್ಷರ ನಿಲ್ಲುವುದಿಲ್ಲ, ಸುಣ್ಣದ ಜೊತೆಗೇ ಉದುರುತ್ತದೆ. ಹೊಸ ಬಣ್ಣವಾದರೆ ಮೂರು ನಾಲ್ಕು ವಾರ ಒಣಗಲು ಬಿಡಿ. ಗಾಜಿನ ಮೇಲೆ ಕೆಲವು ಹನಿ ಸೋಪು ಬೆರೆಸಿದ ನೀರು ಸಿಂಪಡಿಸಿದರೆ ಅಕ್ಷರವನ್ನು ಅತ್ತಿತ್ತ ಸರಿಸಿ ನೇರ ಮಾಡಬಹುದು. ಆಮೇಲೆ ನೀರನ್ನು ಉಜ್ಜಿ ಹೊರಹಾಕಿ, ಅಂಟು ಹಿಡಿದ ಮೇಲೆ ಟೇಪ್ ತೆಗೆಯಿರಿ. ನಮ್ಮ ಬೇಸಿಗೆಯ ಮಧ್ಯಾಹ್ನ ಬಿಸಿಲು ಬಿದ್ದ ಬಾಗಿಲಿಗೆ ಅಂಟಿಸಬೇಡಿ. ಕಾವಿಗೆ ವಿನೈಲ್ ಮೆತ್ತಗಾಗಿ ಎಳೆದುಕೊಳ್ಳುತ್ತದೆ. ಬೆಳಗಿನ ಹೊತ್ತು ಲೇಸು. ಹಂಪಿಯ ಸ್ಮಾರಕಗಳ ಕಲ್ಲಿಗಂತೂ ಯಾವ ಸ್ಟಿಕರನ್ನೂ ಅಂಟಿಸಬಾರದು. ಸ್ಮಾರಕವನ್ನು ವಿರೂಪಗೊಳಿಸುವುದು ಕಾನೂನಿನಂತೆ ಶಿಕ್ಷಾರ್ಹ ಅಪರಾಧ.

ಕಂಪ್ಯೂಟರ್ ಕಟಿಂಗ್ ಯಂತ್ರ ಇರುವಾಗ ಕೈಕೆಲಸ ಏಕೆ ಎಂದು ನೀವು ಕೇಳಬಹುದು. ಒಂದೇ ತರಹದ ಐವತ್ತು ಅಕ್ಷರ ಬೇಕಾದವರು ಯಂತ್ರದ ಅಂಗಡಿಗೇ ಹೋಗಲಿ, ಅಲ್ಲಿ ನಾವು ಪೈಪೋಟಿ ಮಾಡಲಾಗದು. ಆದರೆ ಒಂದು ಮನೆಗೆ ಒಂದೇ ಹೆಸರು ಬೇಕು, ಅದು ಆ ಬಾಗಿಲಿನ ಅಳತೆಗೆ ಇರಬೇಕು, ಕನ್ನಡದಲ್ಲೂ ಉರ್ದುವಿನಲ್ಲೂ ತಪ್ಪಿಲ್ಲದೆ ಇರಬೇಕು. ಹಳೆಯ ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರ ಮುರಿದು ಬೀಳುವುದನ್ನು ನೀವು ಎಷ್ಟೋ ಬೋರ್ಡುಗಳಲ್ಲಿ ನೋಡಿದ್ದೀರಿ. ಓದಬಲ್ಲ ಕೈ ಅದನ್ನು ಮುರಿಯಗೊಡುವುದಿಲ್ಲ. ದರ ಹೇಳುವಾಗ ಹಾಳೆಯ ಬೆಲೆಯ ಜೊತೆಗೆ ನಿಮ್ಮ ಸಮಯದ ಬೆಲೆಯನ್ನೂ ಸೇರಿಸಿ. ಮನೆಯಲ್ಲಿ ಕುಳಿತು ಮಾಡಿದ್ದು ಎಂಬ ಕಾರಣಕ್ಕೆ ದುಡಿಮೆ ಪುಕ್ಕಟೆಯಾಗಬಾರದು.

ತಂದೆ ತಾಯಂದಿರಲ್ಲಿ ಒಂದು ಮನವಿ. ಕಸುಬು ಕೈಗೆ ಬಂತೆಂದು ಮಕ್ಕಳ ಓದನ್ನು ನಿಲ್ಲಿಸಬೇಡಿ. ಅಕ್ಷರ ಗಟ್ಟಿಯಾದಷ್ಟೂ ಈ ಕಸುಬು ಗಟ್ಟಿಯಾಗುತ್ತದೆ. ಮೊದಲ ಹೆಸರನ್ನು ನಿಮ್ಮ ಮನೆಯ ಬಾಗಿಲಿಗೇ ಅಂಟಿಸಲು ಅವರಿಗೆ ಅವಕಾಶ ಕೊಡಿ. ಬಂದವರು ಓದಲಿ, ಯಾರು ಮಾಡಿದ್ದೆಂದು ಕೇಳಲಿ.