ಶಿಸ್ತೂ ಪಡಿಯೂ

ಸೈನ್ಯದ ಶಿಸ್ತೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಸಾಲುಗಟ್ಟಿದ ಸಿಪಾಯಿಗಳು, ನಾಯಕನ ಆಜ್ಞೆ, ತಪ್ಪಿದವನಿಗೆ ದಂಡನೆ. ಇವುಗಳ ಹಿಂದೆ ಉಗ್ರಾಣವೊಂದಿರಬೇಕೆಂಬುದನ್ನು ನಾವು ಮರೆಯುವುದುಂಟು. 1791ರ ಮೇ ತಿಂಗಳಲ್ಲಿ ನಮ್ಮ ಶ್ರೀರಂಗಪಟ್ಟಣದವರೆಗೆ ಬಂದಿದ್ದ ಕಾರ್ನ್‌ವಾಲಿಸನು ದಂಡಿಗೆ ದವಸವಿಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಹತ್ತು ವರ್ಷಗಳ ಹಿಂದೆ ಇದೇ ಕಾರ್ನ್‌ವಾಲಿಸನು ಯಾರ್ಕ್‌ಟೌನಿನಲ್ಲಿ ಅಮೆರಿಕನರಿಗೆ ಶರಣಾಗಿದ್ದನು. ಆ ಅಮೆರಿಕನರೂ ಅದೇ 1791ರಲ್ಲಿ ಅದೇ ಪಾಠವನ್ನು ಇನ್ನೂ ಹೆಚ್ಚಿನ ಬೆಲೆ ತೆತ್ತು ಕಲಿತರು.

ಓಹಯೋ ನದಿಯ ಉತ್ತರದ ನಾಡು ಮಯಾಮಿ, ಶಾನಿ ಮೊದಲಾದ ಮೂಲನಿವಾಸಿ ಜನಾಂಗಗಳ ನೆಲೆ. ಅದನ್ನು ವಶಪಡಿಸಿಕೊಳ್ಳಲು ಅಮೆರಿಕದ ಹೊಸ ಸರ್ಕಾರವು ಸೇನಾನಿ ಸೇಂಟ್ ಕ್ಲೇರನನ್ನು ಕಳುಹಿಸಿತು. ಅವನು ಅಕ್ಟೋಬರಿನಲ್ಲಿ, ಈಗ ಸಿನ್‌ಸಿನಾಟಿ ನಗರವಿರುವೆಡೆಯಿಂದ ಸುಮಾರು 70 ಮೈಲಿ ಉತ್ತರಕ್ಕೆ, ಕಾಡನ್ನು ಕಡಿದು ಮರದ ಕೋಟೆಯೊಂದನ್ನು ಕಟ್ಟಿಸಿದನು. ಅದೇ ಜೆಫರ್‌ಸನ್ ಕೋಟೆ.

1790ರ ಕಾನೂನು ಸಿಪಾಯಿಗೆ ಕೊಟ್ಟ ಮಾತು ಸ್ಪಷ್ಟವಾಗಿದ್ದಿತು. ದಿನಕ್ಕೆ ಒಂದು ಪೌಂಡು ಗೋಮಾಂಸ ಅಥವಾ ಮುಕ್ಕಾಲು ಪೌಂಡು ಹಂದಿಯ ಮಾಂಸ, ಒಂದು ಪೌಂಡು ರೊಟ್ಟಿ ಅಥವಾ ಹಿಟ್ಟು, ಸ್ವಲ್ಪ ಮದ್ಯ. ಉಪ್ಪು, ಸಾಬೂನುಗಳು ಬೇರೆ. ಸಂಬಳ ತಿಂಗಳಿಗೆ 3 ಡಾಲರು. ಅದರಲ್ಲಿ ಬಟ್ಟೆಗೆಂದು 90 ಸೆಂಟನ್ನೂ ಔಷಧಕ್ಕೆಂದು 10 ಸೆಂಟನ್ನೂ ಮುರಿದುಕೊಂಡರೆ ಕೈಗೆ ಸಿಕ್ಕುತ್ತಿದ್ದುದು ಎರಡೇ ಡಾಲರು. ಇಷ್ಟು ಅಲ್ಪ ಸಂಬಳದವನಿಗೆ ಪಡಿಯೇ ಸರ್ವಸ್ವವೆಂದು ಬೇರೆ ಹೇಳಬೇಕಾಗಿಲ್ಲ.

ಆ ಪಡಿಯನ್ನು ಒದಗಿಸುವ ಗುತ್ತಿಗೆ ವಿಲಿಯಂ ಡ್ಯೂಯರನೆಂಬ ನ್ಯೂಯಾರ್ಕಿನ ಸಾಹುಕಾರನ ಕೈಯಲ್ಲಿದ್ದಿತು. ಸೈನ್ಯಕ್ಕೆಂದು ಬಂದ ಹಣವನ್ನು ಅವನು ತನ್ನ ಜಮೀನು ವ್ಯಾಪಾರದ ಕಡೆಗೆ ತಿರುಗಿಸಿದನು. ಕೋಟೆಯಲ್ಲಿ ಹಿಟ್ಟು ಮುಗಿಯುತ್ತ ಬಂದಿತು, ಪಡಿಯನ್ನು ಅರ್ಧಕ್ಕಿಳಿಸಿದರು. ಆರು ತಿಂಗಳ ಮಾತಿಗೆ ಸೇರಿದ್ದವರು ತಮ್ಮ ಅವಧಿ ತೀರಿತೆಂದು ಜಗಳವಾಡಿ ಹೊರಡತೊಡಗಿದರು. ಸೇಂಟ್ ಕ್ಲೇರನು ಮೂವರನ್ನು ನೇಣಿಗೆ ಹಾಕಿಸಿದನು. ಅವರಲ್ಲಿ ಇಬ್ಬರ ಅಪರಾಧ ದಂಡನ್ನು ಬಿಟ್ಟು ಓಡಲೆತ್ನಿಸಿದುದು. ನೇಣುಗಂಬವು ಭಯವನ್ನು ಹುಟ್ಟಿಸಬಲ್ಲದು; ಹಿಟ್ಟನ್ನು ತರಲಾರದು.

ಅಕ್ಟೋಬರ್ 31ರಂದು ಕೆಂಟಕಿಯ ಸುಮಾರು 60 ಮಂದಿ ಪಾಳೆಯವನ್ನು ಬಿಟ್ಟು ಹೊರಟರು. ಹಿಂದಿನಿಂದ ಬರುತ್ತಿದ್ದ ದವಸದ ಕುದುರೆಗಳನ್ನು ಇವರು ದಾರಿಯಲ್ಲಿ ಸುಲಿದಾರೆಂಬ ಅಂಜಿಕೆಯಿಂದ, ಸೇನಾನಿಯು ತನ್ನ ಅತ್ಯಂತ ನುರಿತ ತುಕಡಿಯನ್ನೇ ಹಿಂದಕ್ಕೆ ಕಳುಹಿಸಬೇಕಾಯಿತು. ನವೆಂಬರ್ 4ರ ಮುಂಜಾನೆ, ಲಿಟ್ಲ್ ಟರ್ಟಲ್ ಮತ್ತು ಬ್ಲೂ ಜಾಕೆಟ್ ಎಂಬ ನಾಯಕರ ಜನರು ಪಾಳೆಯದ ಮೇಲೆ ಬಿದ್ದಾಗ ಆ ತುಕಡಿ ಅಲ್ಲಿರಲಿಲ್ಲ. ಕೆಲವೇ ಗಂಟೆಗಳಲ್ಲಿ 600ಕ್ಕೂ ಹೆಚ್ಚು ಸೈನಿಕರು ಹತರಾದರು. ಹಿಟ್ಟಿನ ಕೊರತೆಯು ಶಿಸ್ತನ್ನು ತಿಂದಿತು. ಶಿಸ್ತಿನ ಕೊರತೆಯು ಸೈನ್ಯವನ್ನು ತಿಂದಿತು.

1792ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯೊಂದು ವಿಚಾರಣೆ ನಡೆಸಿತು. ಸಾಮಗ್ರಿಯ ವಿಳಂಬ, ಗುತ್ತಿಗೆದಾರರ ಮತ್ತು ಸರಬರಾಯಿ ಅಧಿಕಾರಿಗಳ ಅವ್ಯವಸ್ಥೆ, ಸೈನಿಕರ ಅಶಿಸ್ತು ಮತ್ತು ಅನನುಭವ, ಇವೇ ಸೋಲಿನ ಕಾರಣಗಳೆಂದಿತು, ಸೇನಾನಿಯನ್ನು ದೋಷಮುಕ್ತನನ್ನಾಗಿಸಿತು. ಡ್ಯೂಯರನು ಅದೇ ವರ್ಷ ದಿವಾಳಿಯೆದ್ದು ಸಾಲಗಾರರ ಸೆರೆಮನೆಯನ್ನು ಸೇರಿದನು.

ಅನಂತರ ಬಂದ ಸೇನಾನಿ ಆಂಥೊನಿ ವೇಯ್ನನು ಶಿಸ್ತಿನಲ್ಲಿ ಬಹು ಕಠಿಣ, ಮರಣದಂಡನೆಗೂ ಹಿಂಜರಿದವನಲ್ಲ. ಆದರೆ ಮುಂದಿನ ಕೋಟೆಗಳಲ್ಲಿ ಪಡಿಯು ಮೊದಲೇ ಶೇಖರವಾಗಬೇಕೆಂದು ಗುತ್ತಿಗೆದಾರರೊಡನೆಯೂ ಅಷ್ಟೇ ಕಠಿಣವಾಗಿ ಹೋರಾಡಿದನು. ಎರಡು ವರ್ಷ ಕಾದು, 1794ರ ಆಗಸ್ಟ್ 20ರಂದು ಜಯವನ್ನು ಪಡೆದನು. ಮರುವರ್ಷದ ಒಪ್ಪಂದದಿಂದ ಮೂಲನಿವಾಸಿಗಳು ತಮ್ಮ ನಾಡಿನ ಬಹುಭಾಗವನ್ನು ಕಳೆದುಕೊಂಡರೆಂಬ ದುಃಖದ ಸಂಗತಿಯನ್ನೂ ನಾವು ಮರೆಯಲಾಗದು.

ಆಜ್ಞೆಯೆಂಬುದು ಎರಡು ಕಡೆಯ ಕರಾರು. ಕೆಳಗಿನವನು ಮೀರಿದರೆ ಶಿಕ್ಷೆ ಕೂಡಲೇ ಕಾಣುತ್ತದೆ. ಮೇಲಿನವನು ಮೀರಿದುದು ಲೆಕ್ಕದ ಪುಸ್ತಕದಲ್ಲಿ ಅಡಗಿರುತ್ತದೆ. ಅಶಿಸ್ತಿನ ವಿಚಾರಣೆಗೆ ಕುಳಿತವರು ಮೊದಲು ಉಗ್ರಾಣದ ಬೀಗವನ್ನು ತೆಗೆಸಿ ನೋಡುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.