ಸೂರ್ಯಹಾಸ: ಹೆಸರುಳ್ಳ ಖಡ್ಗಗಳ ಕಥೆ



1890ರಿಂದ ಕನ್ನಡದ ಕೆಲಸ ಮಾಡುತ್ತ ಬಂದಿರುವ ಧಾರವಾಡದ ವಿದ್ಯಾವರ್ಧಕ ಸಂಘದ ಈ ವೇದಿಕೆಯಲ್ಲಿ ಮಾಯಾಖಡ್ಗಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಹಿರಿಯರೊಬ್ಬರು, ‘ಏನ್ರೀ ಇದು, ಹುಡುಗರ ವಿಷಯ ತಗೊಂಡೀರಲ್ಲ’ ಅಂದರು. ಹುಡುಗರ ವಿಷಯವೇ ಹೌದು. ಇವತ್ತಿನ ಹುಡುಗರಿಗೆ ಆರ್ಥರ್ ದೊರೆಯ ಎಕ್ಸ್‌ಕ್ಯಾಲಿಬರ್ ಗೊತ್ತು. ಟಾಲ್ಕಿನ್ನನ ಕಥೆಯಲ್ಲಿ ಮುರಿದ ತುಂಡುಗಳನ್ನು ಬೆಸೆದು ಮತ್ತೆ ಕಟ್ಟಿದ ಆಂಡುರಿಲ್ ಗೊತ್ತು. ವೈರಿಗಳು ಹತ್ತಿರ ಬಂದರೆ ನೀಲಿಯಾಗಿ ಹೊಳೆಯುವ ಸ್ಟಿಂಗ್ ಗೊತ್ತು. ಸೂರ್ಯಹಾಸ ಗೊತ್ತಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಾವು ಹೇಳಿಕೊಟ್ಟಿಲ್ಲ, ಅಷ್ಟೆ.

ಖಡ್ಗಕ್ಕೆ ಹೆಸರಿಡುವುದು ಎಲ್ಲ ಖಡ್ಗಗಳಿಗೂ ಸಲ್ಲುವ ಮರ್ಯಾದೆಯಲ್ಲ. ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿ. ತುರುಗಾಳಗದಲ್ಲಿ ಸತ್ತವನ ಹೆಸರಿರುತ್ತದೆ, ಅವನ ಒಡೆಯನ ಹೆಸರಿರುತ್ತದೆ. ಕೈಯಲ್ಲಿ ಕತ್ತಿ ಕೆತ್ತಿರುತ್ತಾರೆ, ಅದಕ್ಕೆ ಹೆಸರಿರುವುದನ್ನು ನಾನಂತೂ ಕಂಡಿಲ್ಲ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ರಾಣಿ ಎತ್ತಿ ಹಿಡಿದ ಖಡ್ಗವೂ ರಾಣಿಯ ಖಡ್ಗ, ಅಷ್ಟೇ. ಇತಿಹಾಸಕ್ಕೆ ಹಿಡಿದ ಕೈ ಮುಖ್ಯ. ಕಾವ್ಯದಲ್ಲಿ ಖಡ್ಗಕ್ಕೆ ಹೆಸರು ಬಂತೆಂದರೆ ಅದಕ್ಕೊಂದು ಸ್ವಂತ ಮನಸ್ಸೂ ಬಂತು ಎಂದು ತಿಳಿಯಬೇಕು. ಆ ಮನಸ್ಸು ಹಿಡಿದವನ ಮಾತನ್ನು ಯಾವಾಗಲೂ ಕೇಳುವುದಿಲ್ಲ. ಈ ಬಗೆಯ ಕಥೆಗಳ ರುಚಿ ಇರುವುದೇ ಅಲ್ಲಿ.

ಮಹಾಭಾರತದ ಶಾಂತಿಪರ್ವದಲ್ಲಿ ನಕುಲ ಶರಶಯ್ಯೆಯ ಮೇಲಿದ್ದ ಭೀಷ್ಮನನ್ನು ಖಡ್ಗ ಹುಟ್ಟಿದ್ದು ಹೇಗೆ ಎಂದು ಕೇಳುತ್ತಾನೆ. ಅದು ಬ್ರಹ್ಮನ ಯಜ್ಞಕುಂಡದಿಂದ ಎದ್ದ ಭಯಂಕರ ಭೂತ, ಆಮೇಲೆ ಖಡ್ಗದ ರೂಪ ತಾಳಿತು ಎಂದು ಭೀಷ್ಮ ಹೇಳುತ್ತಾನೆ. ಅದಕ್ಕೆ ಎಂಟು ಹೆಸರು. ಮೊದಲನೆಯದು ಅಸಿ, ಕೊನೆಯದು ಧರ್ಮಪಾಲ. ರುದ್ರನಿಂದ ವಿಷ್ಣುವಿಗೆ, ಮುಂದೆ ಮನುವಿಗೆ, ಇಕ್ಷ್ವಾಕುವಿಗೆ, ಹೀಗೆ ಕೈ ದಾಟುತ್ತ ದ್ರೋಣ-ಕೃಪರವರೆಗೆ ಬರುತ್ತದೆ. ಯಾರೂ ಅದರ ಮಾಲೀಕರಲ್ಲ, ಪಡೆದವರು ಮಾತ್ರ. ರಾವಣನ ಚಂದ್ರಹಾಸವೂ ಹಾಗೆಯೇ. ಕೈಲಾಸ ಎತ್ತಲು ಹೋಗಿ ಕೈ ಸಿಕ್ಕಿಸಿಕೊಂಡು ಕೂಗಿದ ರಾವಣನಿಗೆ ಶಿವ ಅದನ್ನು ಕೊಡುವಾಗ, ಅವಜ್ಞೆ ಮಾಡಿದರೆ ಇದು ನನ್ನ ಬಳಿಗೇ ಬಂದುಬಿಡುತ್ತದೆ ಎಂದು ಕರಾರು ಹಾಕುತ್ತಾನೆ. ಎಕ್ಸ್‌ಕ್ಯಾಲಿಬರ್ ಕೊನೆಗೆ ಕೊಳದ ನೀರಿಗೆ ಮರಳಿತಲ್ಲ, ಅದರ ಕಥೆಯೂ ದೂರದ್ದಲ್ಲ. ಮಾಯಾಖಡ್ಗ ಎಲ್ಲ ಕಡೆಯೂ ಕೈಗಡವೇ.

ಈಗ ಸೂರ್ಯಹಾಸಕ್ಕೆ ಬರುತ್ತೇನೆ. ಅಭಿನವಪಂಪನೆಂದು ಹೆಸರಾದ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’, ನಾವೆಲ್ಲ ಪಂಪರಾಮಾಯಣ ಎನ್ನುವುದು, ಜೈನ ರಾಮಾಯಣ. ಅದರ ಮೂಲ ಧಾಟಿ ವಿಮಲಸೂರಿಯ ಪ್ರಾಕೃತ ಕಾವ್ಯದ್ದು. ದಂಡಕಾರಣ್ಯದ ಬಿದಿರ ಮೆಳೆಯೊಳಗೆ ಒಬ್ಬ ತರುಣ ತಪಸ್ಸಿಗೆ ಕೂತಿದ್ದಾನೆ. ಹೆಸರು ಶಂಬೂಕ, ಖರ ಮತ್ತು ಚಂದ್ರನಖಿಯ ಮಗ, ರಾವಣನ ಸೋದರಳಿಯ. ವರ್ಷಗಟ್ಟಲೆ ಕೂತದ್ದು ಸೂರ್ಯಹಾಸ ಖಡ್ಗಕ್ಕಾಗಿ. ತಪಸ್ಸು ಫಲಿಸಿ ಖಡ್ಗ ಬಂದಿದೆ. ಅವನು ಇನ್ನೂ ಕೈ ಚಾಚಿಲ್ಲ. ಅಷ್ಟರಲ್ಲಿ ಕಾಡು ತಿರುಗುತ್ತ ಬಂದ ಲಕ್ಷ್ಮಣನ ಕಣ್ಣಿಗೆ ಅದು ಬೀಳುತ್ತದೆ. ಕೈಗೆತ್ತಿಕೊಳ್ಳುತ್ತಾನೆ. ಹೊಸ ಕುಡಗೋಲು ಕೈಗೆ ಸಿಕ್ಕ ರೈತ ಬದುವಿನ ಮೇಲಿನ ಕಂಟಿಗೆ ಒಂದೇಟು ಹಾಕಿ ನೋಡುವ ಹಾಗೆ, ಹರಿತ ನೋಡೋಣವೆಂದು ಬಿದಿರಿಗೆ ಬೀಸುತ್ತಾನೆ. ಮೆಳೆ ಉರುಳುತ್ತದೆ. ಜೊತೆಗೆ ಒಳಗೆ ಕೂತವನ ತಲೆಯೂ.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಲಕ್ಷ್ಮಣನಿಗೆ ಹಗೆಯಿಲ್ಲ, ಸಿಟ್ಟಿಲ್ಲ. ಒಳಗೆ ಮನುಷ್ಯನಿದ್ದಾನೆಂದೂ ಗೊತ್ತಿಲ್ಲ. ಬೇಡಿ ಪಡೆದವನು ಒಬ್ಬ, ಎತ್ತಿಕೊಂಡವನು ಇನ್ನೊಬ್ಬ. ಬೇಡಿದವನ ಕತ್ತನ್ನೇ ಅದು ಕತ್ತರಿಸಿತು. ಮಗನನ್ನು ನೋಡಲು ಬಂದ ಚಂದ್ರನಖಿ ಕಂಡದ್ದು ಮುಂಡವನ್ನು. ಅವಳ ಅಳಲಿನಿಂದ ಖರನ ಯುದ್ಧ. ಖರನ ನೆರವಿಗೆಂದು ಹೊರಟ ರಾವಣ ದಾರಿಯಲ್ಲಿ ಸೀತೆಯನ್ನು ಕಾಣುವುದು. ಮುಂದಿನದೆಲ್ಲ ನಿಮಗೆ ಗೊತ್ತು. ಮೂಗು ಕೊಯ್ದ ಕಥೆಯಿಂದಲ್ಲ, ಒಂದು ಖಡ್ಗದ ಪರೀಕ್ಷೆಯಿಂದ ಈ ರಾಮಾಯಣದ ಯುದ್ಧ ಹುಟ್ಟುತ್ತದೆ. ನನ್ನ ತೀರ್ಮಾನದಲ್ಲಿ ಜಗತ್ತಿನ ಮಾಯಾಖಡ್ಗದ ಕಥೆಗಳಲ್ಲಿ ಇದಕ್ಕಿಂತ ನಿಷ್ಠುರವಾದದ್ದು ಇಲ್ಲ. ಮೈಕೆಲ್ ಮೂರ್ಕಾಕನ ಸ್ಟಾರ್ಮ್‌ಬ್ರಿಂಗರ್ ಇದೆ, ಕೊಂದವರ ಆತ್ಮ ಕುಡಿದು ಕೊನೆಗೆ ಒಡೆಯನನ್ನೇ ಕೊಲ್ಲುವ ಕರಿಯ ಖಡ್ಗ. ಆದರೆ ಅದು ಕೆಟ್ಟದ್ದೆಂದು ಓದುಗನಿಗೆ ಮೊದಲೇ ತಿಳಿದಿರುತ್ತದೆ. ಸೂರ್ಯಹಾಸ ಕೆಟ್ಟದ್ದಲ್ಲ, ಅದೇ ಅದರ ಭಯ.

ಶಂಬೂಕನೆಂಬ ಹೆಸರು ಕೇಳಿ ನಿಮಗೆ ಇನ್ನೊಬ್ಬ ನೆನಪಾಗಿರಬೇಕು. ವಾಲ್ಮೀಕಿಯ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ ಶೂದ್ರ ಶಂಬೂಕನ ತಲೆಯನ್ನು ರಾಮನೇ, ತಿಳಿದೂ ತಿಳಿದೂ, ಖಡ್ಗದಿಂದ ಕಡಿಯುತ್ತಾನೆ. ಆ ಖಡ್ಗಕ್ಕೆ ಅಲ್ಲಿ ಮನಸ್ಸಿಲ್ಲ, ಅಪ್ಪಣೆಯಂತೆ ಕಡಿಯಿತು. ಜೈನ ಕವಿಗಳು ತಪಸ್ವಿಯನ್ನೂ ಖಡ್ಗವನ್ನೂ ಉಳಿಸಿಕೊಂಡು ಕೊಲೆಯನ್ನು ಅಚಾತುರ್ಯವಾಗಿಸಿದರು. ಕುವೆಂಪು 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ ಇನ್ನೂ ಮುಂದೆ ಹೋದರು: ರಾಮ ಬಿಟ್ಟ ಬ್ರಹ್ಮಾಸ್ತ್ರ ಶಂಬೂಕನಿಗೆ ನಮಸ್ಕರಿಸಿ, ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತದೆ. ರಾಜನಿಗೆ ಬಾಯಿಬಿಟ್ಟು ಹೇಳಲಾಗದ ನ್ಯಾಯವನ್ನು ಆಯುಧ ಹೇಳಿಬಿಡುತ್ತದೆ. ಒಬ್ಬನೇ ಶಂಬೂಕ, ಮೂರು ಆಯುಧ. ಈ ಮೂರನ್ನು ಪಕ್ಕಪಕ್ಕ ಇಟ್ಟು ಓದಿದರೆ ಅದ್ಭುತ ಕಥೆ ಎಂಬುದು ವಾಸ್ತವದಿಂದ ಓಡಿಹೋಗುವ ದಾರಿ ಎಂಬ ಆಕ್ಷೇಪ ತಾನಾಗಿಯೇ ಬಿದ್ದುಹೋಗುತ್ತದೆ.

ಇನ್ನೊಂದು ಕಥೆ, ಹೆಸರಿಲ್ಲದ ಖಡ್ಗದ್ದು. ಅರಣ್ಯಕಾಂಡದಲ್ಲಿ ಸೀತೆ ರಾಮನಿಗೆ ಹೇಳುತ್ತಾಳೆ. ಇಂದ್ರ ಯೋಧನ ವೇಷದಲ್ಲಿ ಬಂದು ತಪಸ್ವಿಯೊಬ್ಬನ ಬಳಿ ಖಡ್ಗವನ್ನು ನ್ಯಾಸ ಇಟ್ಟು ಹೋಗುತ್ತಾನೆ. ನ್ಯಾಸ ಕಾಯಬೇಕಲ್ಲ, ಹಣ್ಣು-ಗೆಡ್ಡೆಗೆ ಹೋದರೂ ತಪಸ್ವಿ ಅದನ್ನು ಹಿಡಿದೇ ಹೋಗುತ್ತಾನೆ. ದಿನ ಕಳೆದಂತೆ ಮನಸ್ಸು ಕ್ರೂರವಾಗಿ ನರಕಕ್ಕೆ ಬೀಳುತ್ತಾನೆ. ಬಿಲ್ಲು ಹಿಡಿದು ಕಾಡಿಗೆ ಹೊರಟ ಗಂಡನಿಗೆ ಹೆಂಡತಿ ಹೇಳಿದ ಈ ಮಾತು ನಮ್ಮ ಪ್ರವಚನಗಳಲ್ಲಿ ಕೇಳಿಬರುವುದು ಕಡಿಮೆ. ಯಾಕೋ!

ನಮ್ಮ ಭಾಗದಲ್ಲಿ ಖಡ್ಗ ಬರೀ ಪುಸ್ತಕದಲ್ಲಿಲ್ಲ. ಮದುವೆಯ ಗುಗ್ಗಳದಲ್ಲಿ ಸಂಬಾಳದ ಸಪ್ಪಳಕ್ಕೆ ಪುರವಂತರು ಹೆಜ್ಜೆ ಹಾಕುತ್ತಾರೆ. ಒಡಪು ಶುರುವಾದರೆ ವಾದ್ಯ ನಿಲ್ಲುತ್ತದೆ, ದಕ್ಷನ ಯಜ್ಞ ಕೆಟ್ಟ ಕಥೆ ಹೊರಬೀಳುತ್ತದೆ, ಕೈಯಲ್ಲಿನ ಖಡ್ಗ ಆಗ ವೀರಭದ್ರನದೇ. ಕುಣಿತ ಮುಗಿದ ಮೇಲೆ ಅದು ಮತ್ತೆ ದೇವರ ಜಗಲಿಗೆ. ಮಾನವಮಿಗೆ ಆಯುಧ ಪೂಜಿಸಿ, ಮರುದಿನ ಬನ್ನಿ ಕೊಟ್ಟು ‘ಬಂಗಾರದ್ಹಂಗ ಇರೋಣು’ ಅನ್ನುವವರು ನಾವು. ಪಾಂಡವರು ಆಯುಧ ಮುಚ್ಚಿಟ್ಟ ಮರದ ಎಲೆ ಅದು.

ಇಲ್ಲಿ ಕೂತಿರುವ ಕಾಲೇಜು ಅಧ್ಯಾಪಕರಲ್ಲಿ ಒಂದು ಬಿನ್ನಹ. ಬರುವ ವರ್ಷ ಒಂದು ತಾಸಿನ ತರಗತಿಯಲ್ಲಿ ನಾಗಚಂದ್ರನ ಸೂರ್ಯಹಾಸದ ಭಾಗವನ್ನೂ ಕುವೆಂಪು ನಾಟಕದ ಕೊನೆಯನ್ನೂ ಒಟ್ಟಿಗೆ ಓದಿಸಿ. ಟಾಲ್ಕಿನ್ ಓದಿ ಬಂದ ಹುಡುಗ ಹುಡುಗಿಯರನ್ನು ಮುಂದಿನ ಬೆಂಚಿನಲ್ಲಿ ಕೂಡಿಸಿ. ಅವರು ಕೇಳುವ ಪ್ರಶ್ನೆಗಳು ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಇರುವುದಕ್ಕಿಂತ ಚೆನ್ನಾಗಿರುತ್ತವೆ.